ಚಪ್ಪಲಿ ನೋಡಿಕೊಂಡು ಹಾಡುವವರು

ನನ್ನ ಸೋದರಮಾವನ ತಲೆ ನೆಟ್ಟಗಿದೆ ಎಂದು ಬೇಕಾದರೆ ಬರೆದುಕೊಡುತ್ತೇನೆ. ಕಿವಿ ನೆಟ್ಟಗಿದೆ ಎಂದು ಮಾತ್ರ ಯಾರೂ ನನ್ನಿಂದ ಬರೆಸಿಕೊಳ್ಳಬೇಡಿ! ಬರೆದುಕೊಡುವ ಯೋಗ್ಯತೆ ನನಗಿದೆ. ನಮ್ಮ ವಂಶದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಮೂರು ವರ್ಷ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಜೋತಾಡಿ, ಇಂಗ್ಲಿಷನ್ನು ಮೂರನೇ ಏಟಿಗೆ ಕೆಡವಿದವನು.

ಮಾವ ಕೊಳ್ಳೇಗಾಲದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದ ಆರಂಭದಲ್ಲಿ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ಯುವಕನೊಬ್ಬ ಒಂದು ಟೇಪ್‌ರೆಕಾರ್ಡರನ್ನು, ಅದರೊಳಗೇ ಇದ್ದ ಕ್ಯಾಸೆಟ್ಟಿನ ಸಮೇತ, ಮುರಿದ ಹಿಡಿ ಹಾಕಿಸಲು ಬಿಟ್ಟುಹೋದ. ಮಾವ ಹಾಕಿದರೆ ಬರೀ ಬೊರ್ರೋ ಎನ್ನುವ ಸದ್ದು! ಸದ್ದಿನ ಹಿಂದೆಲ್ಲೋ, ಕೆರೆಯ ಆಚೆ ದಡದಿಂದ ಕರೆದ ಹಾಗೆ, ಒಂದು ಹೆಣ್ಣಿನ ದನಿ. ಮಾವ ಟೇಪು ತಾಗುವ ಹೆಡ್ಡಿಗೆ ಸ್ಪಿರಿಟ್ ಹಾಕಿ ಒರೆಸಿದರು. ಬೆಲ್ಟ್ ಬದಲಾಯಿಸಿದರು. ಸ್ಪೀಕರ್ ಬಿಚ್ಚಿ ಜೋಡಿಸಿದರು. ಮೂರು ದಿನವಾದರೂ ಬೊರ್ರೋ ಹೋಗಲಿಲ್ಲ. ನಾಲ್ಕನೇ ದಿನ ಬಂದ ಯುವಕ ಕೇಳಿ ತಲೆದೂಗಿದ.

"ಚೆನ್ನಾಗೈತಲ್ಲ ಅಂಕಲ್. ಪದಾನೇ ಅಂಗೆ!"

ಕೆಟ್ಟದ್ದನ್ನು ರಿಪೇರಿ ಮಾಡಿ ಇನ್ನಷ್ಟು ಕೆಡಿಸಿದವರನ್ನು ನೀವು ನೋಡಿರುತ್ತೀರಿ. ಕೆಡದೇ ಇದ್ದದ್ದನ್ನು ಮೂರು ದಿನ ರಿಪೇರಿ ಮಾಡಿದವರನ್ನು ನೋಡಿದ್ದೀರಾ?

ಇದನ್ನು ಹಾಡುವವರು ಯಾವ ದೊಡ್ಡ ಕಂಪನಿಯೂ ಬೇಡವೆಂದು ತಾವೇ ಕ್ಯಾಸೆಟ್ ಮಾಡಿಕೊಳ್ಳುವ ಹುಡುಗರ ತಂಡಗಳು, ತನ್ನ ಅಣ್ಣ ಹೊರದೇಶದಿಂದ ಕಳಿಸುತ್ತಾನೆ ಎಂದು ಯುವಕ ವಿವರಿಸಿದ. ಮಾವ ಒಂದು ಕಾಪಿ ಮಾಡಿಕೊಂಡರು. ಅಲ್ಲಿಂದ ಶುರುವಾಯಿತು ನೋಡಿ! ಮಾವಿನ ಹಲಗೆಯಲ್ಲಿ ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರ್ ಡಬ್ಬ ಮಾಡಿ, ಅದನ್ನೊಂದು ಅಗಲವಾದ ಮಣೆಗೆ ಮೊಳೆ ಹೊಡೆದು ನಡುಮನೆಯಲ್ಲಿ ಕೂರಿಸಿದರು. ಒಡೆಯರಪಾಳ್ಯದ ಕಡೆಯಿಂದ ಯಾರು ಬಂದರೂ ಮಾವನದು ಒಂದೇ ಪ್ರಶ್ನೆ: "ಒಸಾದು ಬಂತಾ?"

ಕ್ಯಾಸೆಟ್ಟಿನ ಕಾಗದದಲ್ಲಿ ಒಂದು ಚಿತ್ರವಿತ್ತು. ನಾಲ್ಕು ಜನ ಗಿಟಾರ್ ಹಿಡಿದು, ತಲೆ ತಗ್ಗಿಸಿ, ತಮ್ಮ ಬೂಟುಗಳನ್ನೇ ನೋಡುತ್ತಿದ್ದಾರೆ. ಪಕ್ಕದ ಮನೆಯ ಟೈಲರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನ್ ಕಳ್ಕಂಡವ್ರೆ ಇವ್ರು?"

"ಕಾಲಲ್ಲಿ ಒತ್ತ ಸ್ವಿಚ್ಚು ಐತೆ ಕಣಯ್ಯ, ಅದ ನೋಡ್ಕಂಡು ಬಾರಿಸ್ತಾರೆ. ನಿನ್ ಮಿಷನ್ ಇದ್ದಂಗೆ."

"ಅಂಗಾರೆ ಇಪ್ಪತ್ತು ವರ್ಸದಿಂದ ನಾನೂ ಸಂಗೀತಗಾರನೇ ಬುಡಿ!"

ಮಾವ ನನ್ನನ್ನೂ ಬಿಡಲಿಲ್ಲ. "ಲೇ, ಬಿ.ಎ. ಮಾಡಿದ್ದೀಯಲ್ಲ, ಈ ಪದದಲ್ಲಿ ಅವ್ಳು ಏನ್ ಏಳ್ತಾವ್ಳೆ ಏಳು" ಎಂದು ಡಬ್ಬದ ಮುಂದೆ ಕೂರಿಸಿದರು. ಒಂದು ಗಂಟೆ ಕಿವಿಗೊಟ್ಟೆ. ಸಿಕ್ಕಿದ್ದು ಒಂದೇ ಇಂಗ್ಲಿಷ್ ಪದ, 'ಯೂ'. ಅದೂ ಅನುಮಾನ. "ಮೂರು ಸಲ ಬರ್ದು ಇಷ್ಟೇ ಏನ್ಲಾ ಕಲ್ತಿದ್ದು?" ಎಂದು ಮಾವ ಮರುಗಿದರು.

ಈ ಗಲಾಟೆಯಲ್ಲಿ ಒಂದು ದಿನವೂ ತುಟಿ ಬಿಚ್ಚದವರು ಅತ್ತೆ. ಮಗ್ಗದ ಶೆಡ್ಡಿನಲ್ಲಿ ಹದಿನೈದು ವರ್ಷ ಸೀರೆ ನೇಯ್ದವರು. ಅವರ ತಾಳ್ಮೆಯನ್ನು ಬೀದಿಯೇ ಹೊಗಳುತ್ತಿತ್ತು. ಏನು ಕೇಳಿದರೂ ಊಟ ಬಡಿಸುವ ದೊಡ್ಡ ಗುಣ ಬೇರೆ. "ಅತ್ತೆ, ಮಾವ ಎಲ್ಲಿ?" ಎಂದರೆ ಮುದ್ದೆ. "ಬಸ್ಸು ಎಷ್ಟೊತ್ತಿಗೆ?" ಎಂದರೆ ಇನ್ನೊಂದು ಮುದ್ದೆ!

ಕೊನೆಗೆ ಒಂದು ದಿನ ಮಾವನ ಮನೆಯಿಂದ ಹೊರಟಿದ್ದ ನನ್ನನ್ನು ಟೈಲರ್ ತಡೆದರು. "ಆ ಸದ್ದಿಗೆ ನನ್ ಒಲಿಗೆ ಎಲ್ಲಾ ಸೊಟ್ಟಗೆ ಬತ್ತಾವೆ. ಸ್ಟೇಷನ್ನಿಗೆ ಒಂದು ಅರ್ಜಿ ಬರ್ಕೊಡಿ, ಆ ಡಬ್ಬ ಎತ್ಕಂಡೋಗ್ಲಿ. ಬೀದಿಯವರೆಲ್ಲ ರುಜು ಹಾಕ್ತೀವಿ. ಓದಿರೋರು ನೀವೊಬ್ರೇ."

ಓದಿರೋರು ನೀವೊಬ್ರೇ! ಈ ಮಾತು ಕೇಳಿದ ಮೇಲೆ ಸೋದರಮಾವ ನೆನಪಿಗೆ ಬರುತ್ತಾನೆಯೇ? 'ಸದರಿಯವರು ಅಸಹ್ಯಕರವಾದ ಶಬ್ದವನ್ನುಂಟುಮಾಡುತ್ತಿದ್ದು, ಸದರಿ ಡಬ್ಬವನ್ನು ವಶಪಡಿಸಿಕೊಳ್ಳಬೇಕಾಗಿ ಪ್ರಾರ್ಥನೆ' ಎಂದು ಆ ರಾತ್ರಿ ನಮ್ಮ ಮನೆಯಲ್ಲಿ ಕೂತು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಆಮೇಲೆ ಮನಸ್ಸು ಚುಚ್ಚಿತು. ತಾಯಿಯ ತಮ್ಮನಲ್ಲವೇ? ರುಜು ಹಾಕಿಸುವ ಮೊದಲು ಅವರಿಗೇ ತೋರಿಸಲು ಹೋದೆ.

ಕರೆಂಟು ಹೋಗಿತ್ತು. ಮಾವ ಬಾಗಿಲ ಬೆಳಕಿಗೆ ಹಿಡಿದು ಪೂರ್ತಿ ಓದಿದರು.

"ಬರವಣಿಗೆ ಚೆಂದಾಗೈತೆ. ಶಬ್ದ ಅನ್ನದ ಒಡ್ದಾಕಿ ಸಂಗೀತ ಅಂತ ಬರಿ. 'ಅಸಹ್ಯಕರವಾದ ಸಂಗೀತ' ಅನ್ನು, ಪರ್ವಾಗಿಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಬೊರ್ರೋ ಎಂದಿತು ಡಬ್ಬ. ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ನನ್ನನ್ನು ನೋಡಲಿಲ್ಲ. ಸೀದಾ ಡಬ್ಬದ ಮುಂದೆ ಚಾಚಿದ್ದ ಆ ಮಣೆಯ ಮೇಲೆ ಬರಿಗಾಲಲ್ಲಿ ನಿಂತರು. ತಲೆ ತಗ್ಗಿಸಿ ತಮ್ಮ ಪಾದಗಳನ್ನೇ ನೋಡತೊಡಗಿದರು, ಥೇಟ್ ಆ ಚಿತ್ರದ ಹುಡುಗರ ಹಾಗೆ. ಕಾಲುಂಗುರದ ಬೆರಳು ತಾಳ ಹಾಕುತ್ತಿತ್ತು.

"ಕಿವಿ ಓಗಿ ಎರಡು ವರ್ಸ ಆಯ್ತು ಕಣ್ಲಾ," ಮಾವ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. "ಮಗ್ಗದ ಸದ್ದು ತಿಂದಾಕ್ಬುಡ್ತು. ಬ್ಯಾರೆ ಪದ ಏನಾಕುದ್ರೂ ಗೊತ್ತಾಗಕಿಲ್ಲ. ಇದು ಮಾತ್ರ ಅಂಗಾಲಿಂದ ಏರ್ತದಂತೆ. ಯಾರ್ಗೂ ಏಳ್ಬ್ಯಾಡ, ಅವಳ್ನ ಕಿವುಡಿ ಅಂತಾರೆ. ನನ್ನ ಉಚ್ಚ ಅಂದ್ಕಳ್ಳಿ ಬುಡು."

ಕ್ಯಾಸೆಟ್ ಮುಗಿಯಿತು. ಅತ್ತೆ ತಲೆಯೆತ್ತಿ, ಬೀದಿಗೆಲ್ಲ ಕೇಳುವಂತೆ ಕೇಳಿದರು: "ಒಸಾದು ಯಾವಾಗ ಬತ್ತದೆ?"

(ಈಗ ಅತ್ತೆಯೇ ಈ ಕಥೆಯನ್ನು ಎಲ್ಲರಿಗೂ ಹೇಳಿ ನಗುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಮಾಡಿದೆ.)

ನಾನು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ. ಟೈಲರ್ ಪೆನ್ನು ಹಿಡಿದು ಕಾಯುತ್ತಿದ್ದರು, ಅವರ ಹಿಂದೆ ಅರ್ಧ ಬೀದಿ.

"ಆಯ್ತಾ ಸಾ?"

"ಇಲ್ಲ ಕಣ್ರಿ. ಅರ್ಜಿ ಬರೆಯೋಕೆ ನನಗೆ ಬರಲ್ಲ."

"ಥೂ! ಇದುಕ್ಕೊಂದು ಬಿ.ಎ. ಬ್ಯಾರೆ!"

ಬೀದಿಯೆಲ್ಲ ನಕ್ಕಿತು. ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡುತ್ತಾ ನಿಂತೆ.