ಹಿಟ್ಟಿನ ಮಿಲ್ಲಿನ ಹಿಂದಿನ ಶಾಲೆ

ಫಿಟ್ಸ್ ಬರುವ ಮಗಳಿರುವ ಮನೆಯಲ್ಲಿ ನಗು ಎಲ್ಲಿಂದ ಬರಬೇಕು ಎಂದು ಜನ ಕೇಳುತ್ತಾರೆ. ಬರುತ್ತದೆ. ಫಿಟ್ಸ್ ಬಂದ ಹಾಗೇ, ಹೇಳದೆ ಕೇಳದೆ, ಬರಬಾರದ ಜಾಗದಲ್ಲೇ ಬರುತ್ತದೆ.

ನಾವಿದ್ದದ್ದು ಕೊಪ್ಪದ ಹತ್ತಿರ ನಾರ್ವೆಯಲ್ಲಿ. ನಮ್ಮ ಮನೆಯವರಿಗೆ ರಸ್ತೆ ಬದಿಯಲ್ಲಿ ಒಂದು ಹಿಟ್ಟಿನ ಮಿಲ್ಲು. ಮಿಲ್ಲಿನ ಹಿಂದೆ ಎರಡು ಕೋಣೆ, ಅಡುಗೆಮನೆ, ಬಚ್ಚಲು. ಅದೇ ಮನೆ. ನಮಗೆ ಒಬ್ಬಳೇ ಮಗಳು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಫಿಟ್ಸ್ ಶುರುವಾಯಿತು. ಘಟ್ಟದ ಕೆಳಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಾತ್ರೆ ಬರೆದುಕೊಟ್ಟು, "ಮಾತ್ರೆ ತಪ್ಪಿಸಬೇಡಿ, ಹೆದರಬೇಡಿ" ಎಂದರು. ಎರಡರಲ್ಲಿ ಒಂದನ್ನು ಪಾಲಿಸಿದೆವು.

ಹೆಡ್ಮಾಸ್ಟರು ಬಂದದ್ದು

ಮಗಳು ಶಾಲೆಯಲ್ಲಿ ಮೊದಲ ಸಲ ಬಿದ್ದದ್ದು ಬೆಳಗಿನ ಪ್ರಾರ್ಥನೆಯಲ್ಲಿ. ಎರಡನೇ ಸಲ ಗಣಿತದ ಕ್ಲಾಸಿನಲ್ಲಿ. ಅದಾದ ಕೆಲವೇ ದಿನಕ್ಕೆ ಹೆಡ್ಮಾಸ್ಟರು ನಮ್ಮನೆಗೆ ಬಂದರು. ಕಾಫಿ ಕುಡಿದರು, ಮಿಲ್ಲಿನ ವ್ಯಾಪಾರ ಹೇಗಿದೆ ಎಂದು ಕೇಳಿದರು, ಕಾಫಿ ಚೆನ್ನಾಗಿದೆ ಎಂದರು. ಇಷ್ಟು ಹೊತ್ತು ಒಳ್ಳೆಯ ಮಾತಾಡಿದ ಮೇಲೆ ಕೆಟ್ಟದ್ದು ಬರಲೇಬೇಕು ಎಂದು ನಾನು ಕಾಯುತ್ತಿದ್ದೆ.

"ನೋಡಿ ಅಮ್ಮ, ನಿಮ್ಮ ಹುಡುಗಿ ಜಾಣೆ. ಆದ್ರೆ ಅವಳು ಬಿದ್ದಿದ್ದು ನೋಡಿ ಬೇರೆ ಮಕ್ಕಳೂ ಬೀಳಕ್ಕೆ ಶುರು ಮಾಡಿದಾರೆ. ಟೆಸ್ಟ್ ಇದ್ದ ದಿನ ನಾಲ್ಕು ಜನ ಬಿದ್ರು."

"ಅವರದ್ದು ಸುಳ್ಳು ಅಲ್ವಾ ಸಾರ್?" ಎಂದೆ.

"ಸುಳ್ಳೇ. ನಂಗೂ ಗೊತ್ತು. ಟೆಸ್ಟ್ ಮುಂದಕ್ಕೆ ಹಾಕಿದೀವಿ ಅಂದ ತಕ್ಷಣ ಎದ್ದು ಆಡಕ್ಕೆ ಹೋದ್ರು."

"ಮತ್ತೆ ಅವರನ್ನ ಮನೇಲಿರಿ ಅನ್ನಬೇಕಿತ್ತಲ್ಲ?"

ಹೆಡ್ಮಾಸ್ಟರು ತುಂಬ ಬೇಜಾರಿನಿಂದ ಲೋಟ ಕೆಳಗಿಟ್ಟರು. "ನಾಲ್ಕು ಮಕ್ಕಳನ್ನ ಹೆಂಗೆ ಬಿಡಿಸದು ಅಮ್ಮ? ನಿಜವಾಗಿ ಬೀಳೋಳು ಒಬ್ಬಳೇ."

ಪ್ರಮೇಯ

ಹಾಗೆ ನಮ್ಮನೆಯಲ್ಲಿ ಶಾಲೆ ಶುರುವಾಯಿತು. ಹತ್ತನೇ ಕ್ಲಾಸನ್ನು ಖಾಸಗಿಯಾಗಿ ಕಟ್ಟಿಸುವುದು ಎಂದಾಯಿತು. ಟೀಚರು ನಾನು. ಓದಿದ್ದು ಬಿ.ಎ., ಅದೂ ಮದುವೆಗೆ ಮುಂಚೆ. ಲೆಕ್ಕ ಬಿಟ್ಟು ಹತ್ತಿಪ್ಪತ್ತು ವರ್ಷವಾಗಿತ್ತು. ರಾತ್ರಿ ನಾನು ಓದಿಕೊಂಡು ಬೆಳಿಗ್ಗೆ ಅವಳಿಗೆ ಹೇಳಿಕೊಡುತ್ತಿದ್ದೆ. ಮಿಲ್ಲು ಓಡುವಾಗ ಪಾಠವನ್ನು ಕಿರುಚಿ ಹೇಳಬೇಕಿತ್ತು. ಮಿಲ್ಲಿಗೆ ಬಂದವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಕಷ್ಟ ನನ್ನ ಬಿ.ಎ.ಯದಲ್ಲ, ಮಾತ್ರೆಯದು. ಅದನ್ನು ತಿಂದರೆ ಅವಳಿಗೆ ಮಂಪರು. ಬೆಳಿಗ್ಗೆ ಕಲಿತದ್ದು ಸಂಜೆಗೆ ಇಲ್ಲ. ಮೊದಲು ಒಂದು ಸಲ ಓದಿದರೆ ಸಾಕಾಗುತ್ತಿದ್ದ ಹುಡುಗಿ, ಪುಟ ತಿರುಗಿಸಿ ಹಿಂದಿನ ಪುಟವನ್ನೇ ಹೊಸದೆಂಬಂತೆ ನೋಡುತ್ತಿದ್ದಳು. ಒಂದು ದಿನ, "ಅಮ್ಮ, ನನ್ನ ತಲೆ ಒಳಗೆ ಯಾರೋ ಗುಡಿಸ್ತಾ ಇದಾರೆ" ಎಂದಳು. ನಾನು ಎದ್ದು ಅಡುಗೆಮನೆಗೆ ಹೋಗಿ, ಅಳುವಷ್ಟು ಅತ್ತು, ಬಂದು ಮತ್ತೆ ಪೈಥಾಗೊರಸ್ ಪ್ರಮೇಯ ಶುರು ಮಾಡಿದೆ. "ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು..."

ಮೇಲಿನಮನೆಯ ಅಜ್ಜಿ ಕಡುಬಿನ ಅಕ್ಕಿ ಒಡೆಸಲು ವಾರಕ್ಕೊಮ್ಮೆ ಬರುತ್ತಿದ್ದರು. ಆ ದಿನ ಬಾಗಿಲಿಗೆ ಒರಗಿ ನಿಂತು ಕೇಳಿದರು, "ಇದಿನ್ನೂ ಮುಗೀಲಿಲ್ವನೇ? ಹೋದ ವಾರ ಬಂದಾಗಲೂ ಇದೇ ಇತ್ತು, ಅದರ ಹಿಂದಿನ ವಾರವೂ ಇದೇ."

"ಅವಳಿಗೆ ನೆನಪು ನಿಲ್ಲಲ್ಲ ಅಜ್ಜಿ" ಎಂದೆ.

ಅಜ್ಜಿ ಒಳಗೆ ಬಂದು ಮಗಳ ತಲೆ ಸವರಿದರು. ಆಮೇಲೆ ಶಾಲೆಯ ಮೆಟ್ಟಿಲೇ ಹತ್ತದ ಆ ಅಜ್ಜಿ, ವಿಕರ್ಣದ ಮೇಲಿನ ವರ್ಗದಿಂದ ಹಿಡಿದು ಮೊತ್ತಕ್ಕೆ ಸಮ ಎನ್ನುವವರೆಗೆ ಗಡಗಡ ಒಪ್ಪಿಸಿಬಿಟ್ಟರು. ಅರ್ಥ ಒಂದು ಚೂರೂ ಇಲ್ಲ, ಅಕ್ಷರ ಒಂದೂ ತಪ್ಪಲಿಲ್ಲ.

"ಎಂತಕ್ಕೆ ತಲೆ ಕೆಡಿಸ್ಕೊಳ್ತೀಯ ಕೂಸೇ," ಎಂದರು. "ಪರೀಕ್ಷೆಗೆ ನಾನೇ ಹೋಗ್ತೀನಿ. ನೀನು ಹಿಟ್ಟು ಹಿಡ್ಕೊಂಡು ಹೊರಗೆ ಕೂತಿರು."

ಶೃಂಗೇರಿಯ ಪರೀಕ್ಷೆ

ಖಾಸಗಿಯವರಿಗೆ ಪರೀಕ್ಷಾ ಕೇಂದ್ರ ಶೃಂಗೇರಿಯಲ್ಲಿ ಬಿತ್ತು. ಮೊದಲ ದಿನವೇ ಅವಳ ಕೋಣೆಯ ಸೂಪರ್‌ವೈಸರರನ್ನು ಹುಡುಕಿ ವಿಷಯ ಹೇಳಿದೆ. ಕೆಲಸಕ್ಕೆ ಹೊಸದಾಗಿ ಸೇರಿದ ಮೇಷ್ಟ್ರು, ಪಾಪ. ಹೆದರಿ ಬಿಳಿಚಿಕೊಂಡರು.

"ಬಿದ್ರೆ ನಾನು ಎಂತ ಮಾಡಬೇಕು?"

"ಮಗ್ಗುಲಾಗಿ ಮಲಗಿಸಿ ಸಾರ್, ತಲೆಗೆ ಪೆಟ್ಟಾಗದ ಹಾಗೆ ನೋಡ್ಕೊಳ್ಳಿ. ತಾನಾಗೇ ಎಚ್ಚರ ಆಗ್ತದೆ."

ಅವರಿಗೆ 'ಬಿದ್ರೆ' ಎನ್ನುವುದು ಬಿಟ್ಟು ಬೇರೆ ಏನೂ ತಲೆಗೆ ಹೋಗಲಿಲ್ಲ. ಆ ಮೇಷ್ಟ್ರು ಮೂರು ಗಂಟೆ ಹೊತ್ತು ಅವಳ ಬೆಂಚಿನ ಪಕ್ಕದಲ್ಲಿ, ಹಲಸಿನ ಹಣ್ಣು ಹಿಡಿಯಲು ಮರದ ಕೆಳಗೆ ನಿಂತವರ ಹಾಗೆ ಎರಡೂ ಕೈ ಚಾಚಿಕೊಂಡು ನಿಂತಿದ್ದರಂತೆ. ಬೇರೆ ಕಡೆ ತಿರುಗಿ ನೋಡಲಿಲ್ಲವಂತೆ. ಅವಳು ಪೆನ್ನು ಜಾರಿಸಿದರೆ ಇವರು ಹಾರುತ್ತಿದ್ದರಂತೆ. ಆ ಕೋಣೆಯಲ್ಲಿದ್ದ ಮಿಕ್ಕವರೆಲ್ಲ ಹಲವು ಸಲ ಪರೀಕ್ಷೆ ಕಟ್ಟಿ ಪಳಗಿದವರು. ಅವರು ಆ ಮೂರು ಗಂಟೆಯಲ್ಲಿ ಚೀಟಿ ತೆಗೆದರು, ಪುಸ್ತಕ ತೆಗೆದರು, ಕೊನೆಗೆ ಬೆಂಚನ್ನೇ ಎಳೆದುಕೊಂಡು ಹೋಗಿ ಒಬ್ಬರ ಪಕ್ಕ ಒಬ್ಬರು ಕೂತು ಬರೆದರು.

ಸಂಜೆ ಗೇಟಿನ ಹತ್ತಿರ ನಾನು ಕಾಯುತ್ತಿದ್ದಾಗ ಮೀಸೆ ಬಂದ ಇಬ್ಬರು ಹುಡುಗರು ಅವಳ ಬ್ಯಾಗು ಹೊತ್ತುಕೊಂಡು ಬಂದರು. ಒಬ್ಬ ಬಹಳ ವಿನಯದಿಂದ ಕೇಳಿದ, "ಆಂಟಿ, ಇವರು ಎಲ್ಲಾ ಪೇಪರಿಗೂ ಬರ್ತಾರಲ್ವಾ?"

ಬಂದಳು, ಬೀಳಲಿಲ್ಲ. ಆದರೆ ಮುಖದ ಹತ್ತಿರ ಮೇಷ್ಟ್ರ ಎರಡು ಕೈ ಚಾಚಿಕೊಂಡೇ ಇದ್ದರೆ ಲೆಕ್ಕ ಹೇಗೆ ಮಾಡುವುದು? ಫಲಿತಾಂಶ ಬಂತು. ಆ ಕೋಣೆಯಲ್ಲಿ ಗಣಿತ ಫೇಲಾದವಳು ನನ್ನ ಮಗಳು ಒಬ್ಬಳೇ. ಎರಡು ದಿನ ಅವಳು ಊಟಕ್ಕೆ ಏಳಲಿಲ್ಲ. ಮೂರನೇ ದಿನ ತಾನೇ ಪುಸ್ತಕ ತೆಗೆದುಕೊಂಡು ಬಂದು ನನ್ನೆದುರು ಕೂತಳು. ಮರುಪರೀಕ್ಷೆಯಲ್ಲಿ ಪಾಸಾದಳು. ಅಲ್ಲಿಯ ಸೂಪರ್‌ವೈಸರಿಗೆ ನಾನು ಏನೂ ಹೇಳಲಿಲ್ಲ.

ಬಚ್ಚಲ ಮೊಗಲರು

ಪಿಯುಸಿಗೂ ಮನೆಯಲ್ಲೇ ಓದು. ಇತಿಹಾಸ ತೆಗೆದುಕೊಂಡಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯವರ ತಂಗಿಗೂ ಇದೇ ಕಾಯಿಲೆ ಇತ್ತು. ಮದುವೆಗೆ ತೊಂದರೆಯಾದೀತೆಂದು ಯಾರಿಗೂ ಹೇಳದೆ ಮನೆಯೊಳಗೇ ಇಟ್ಟಿದ್ದರು. ಒಂದು ದಿನ ಬಚ್ಚಲಿಗೆ ಹೋದವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಬಾಗಿಲು ಒಡೆದಾಗ ನೀರಿನ ತೊಟ್ಟಿಯಲ್ಲಿ ಮುಖ ಅದ್ದಿಕೊಂಡು ಬಿದ್ದಿದ್ದಳು. ಬಾಗಿಲು ಒಡೆದವರು ನಮ್ಮ ಮನೆಯವರೇ.

ಹಾಗಾಗಿ ನಮ್ಮನೆಯ ಬಚ್ಚಲಿಗೆ ಚಿಲಕ ಇರಲಿಲ್ಲ, ತೊಟ್ಟಿಯಲ್ಲಿ ನೀರೂ ಇರಲಿಲ್ಲ. ಒಂದು ಬಕೆಟ್ಟು ಅಷ್ಟೇ. ಹದಿನೇಳರ ಹುಡುಗಿ, ಅವಳಿಗೆ ಎಷ್ಟು ಸಂಕೋಚವಿದ್ದೀತು! ಹೊರಗೆ ನಾನು ಕಾವಲು ನಿಲ್ಲುವುದೂ ಅವಳಿಗೆ ಆಗದು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಯಾರೂ ಹತ್ತಿರ ಬರುವುದಿಲ್ಲ, ಆದರೆ ಸ್ನಾನ ಮುಗಿಯುವವರೆಗೆ ಅವಳು ಗಟ್ಟಿಯಾಗಿ ಏನಾದರೂ ಹೇಳುತ್ತಲೇ ಇರಬೇಕು. ಹಾಡು ಬಾರದ ಹುಡುಗಿ. ಪಾಠವನ್ನೇ ಒಪ್ಪಿಸತೊಡಗಿದಳು. ಅದು ಕೇಳಿಸಲೆಂದು ಅಷ್ಟು ಹೊತ್ತು ಅವಳಪ್ಪ ಮಿಲ್ಲು ನಿಲ್ಲಿಸುತ್ತಿದ್ದರು.

ಒಂದು ಬೆಳಿಗ್ಗೆ ಬಾಬರ ಬಂದ, ಹುಮಾಯೂನ ಬಂದ, ಅಕ್ಬರ ಬಂದ. ಮುಂದೆ ಸದ್ದಿಲ್ಲ.

ನಮ್ಮ ಮನೆಯವರು ಮಿಲ್ಲಿನಿಂದ ಹೇಗೆ ಬಂದರೋ ನನಗೆ ಗೊತ್ತಾಗಲಿಲ್ಲ. ಮೈತುಂಬ ಹಿಟ್ಟು. ಬಾಗಿಲಿಗೆ ಕೈ ಹಾಕುವುದಕ್ಕೂ ಒಳಗಿನಿಂದ ಅವಳು ಕೂಗುವುದಕ್ಕೂ ಸರಿಹೋಯಿತು, "ಅಪ್ಪ, ಒಳಗೆ ಬರಬೇಡ! ಅಕ್ಬರನ ಮಗ ಯಾರು ಅಂತ ಮರೆತುಹೋಯ್ತು!"

ಅವರು ಅಲ್ಲೇ ಗೋಡೆ ಹಿಡಿದು ಕುಸಿದು ಕೂತರು. ಉಸಿರು ಸಿಕ್ಕ ಮೇಲೆ ಕೂಗಿದರು, "ಯಾರಾದ್ರೂ ಆಗ್ಲಿ ಮಾರಾಯ್ತಿ! ನನ್ನ ಹೆಸರೇ ಹೇಳು! ನಿಲ್ಲಿಸಬೇಡ ಅಷ್ಟೇ!"

ಆ ದಿನ ಮಧ್ಯಾಹ್ನದವರೆಗೆ ಮಿಲ್ಲು ಓಡಲಿಲ್ಲ.

ಸುಟ್ಟ ಕೈ

ಕಾಲೇಜಿಗೆ ಹೋದರೆ ತನ್ನ ಕೆಲಸ ತಾನು ಮಾಡಿಕೊಳ್ಳಬೇಕಲ್ಲ ಎಂದು ಅಡುಗೆ ಕಲಿಸತೊಡಗಿದೆ. ಅಕ್ಕಿರೊಟ್ಟಿ ಬೇಯಿಸುವಾಗಲೇ ಫಿಟ್ಸ್ ಬಂತು. ಹಿಂದೆಯೇ ಇದ್ದ ನಾನು ಹಿಡಿಯುವಷ್ಟರಲ್ಲಿ ಎಡಗೈ ಕಾದ ಕಾವಲಿಯ ಮೇಲೆ ಊರಿತ್ತು. ಆ ವಾಸನೆ ಈಗಲೂ ನನ್ನನ್ನು ಬಿಟ್ಟಿಲ್ಲ. ಕೊಪ್ಪದ ಆಸ್ಪತ್ರೆಗೆ ತಿಂಗಳುಗಟ್ಟಲೆ ಓಡಾಡಿದೆವು. ಗಾಯ ಮಾಯಿತು, ಎರಡು ಬೆರಳು ಪೂರ್ತಿ ಬಿಡಿಸಲು ಬರಲಿಲ್ಲ.

ಕಾಲೇಜೂ ಬೇಡ, ಏನೂ ಬೇಡ, ಇನ್ನು ನೀನು ಒಲೆಯ ಹತ್ತಿರ ಬರಕೂಡದು ಎಂದೆ. ಅವಳು ನನ್ನ ಮೊಣಕೈ ಹಿಡಿದು ತಿರುಗಿಸಿ, ಅಲ್ಲಿದ್ದ ಹಳೆಯ ಸುಟ್ಟ ಕಲೆಗಳನ್ನೆಲ್ಲ ನೋಡಿದಳು. "ಇದಕ್ಕೆಲ್ಲ ನಿಂಗೆ ಯಾವ ಫಿಟ್ಸ್ ಬಂದಿತ್ತಮ್ಮ?" ಎಂದಳು. ಅಂದವಳೇ ಎಡಗೈಗೆ ಬಟ್ಟೆ ಸುತ್ತಿಕೊಂಡು ಬಲಗೈಯಲ್ಲಿ ಹಿಟ್ಟು ನಾದತೊಡಗಿದಳು. ಒಲೆ ಕೆಳಗಿಳಿಸಿ, ಬಿದ್ದರೂ ಬೆಂಕಿಗೆ ತಾಗದ ಹಾಗೆ ಸುತ್ತ ಮರದ ಕಟಾಂಜನ ಹಾಕಿಸಿದೆವು.

ಸಂಬಂಧದಲ್ಲಿ ನನಗೆ ತಂಗಿಯಾಗಬೇಕಾದ ಒಬ್ಬಳು ನೆಮ್ಮಾರಿನಿಂದ ನೋಡಲು ಬಂದಳು. ಕೈ ನೋಡಿ ಲೊಚಗುಟ್ಟಿ, ನನ್ನನ್ನು ಸಮಾಧಾನ ಮಾಡಿದಳು. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಅಕ್ಕ. ಇನ್ನು ಗಂಡಿನ ಕಡೆಯವರು ಬಂದ್ರೆ ಕೈಗೆ ಎಂತಾಯ್ತು ಅಂತ ಕೇಳ್ತಾರೆ, ಫಿಟ್ಸ್ ವಿಷಯ ಎತ್ತಲ್ಲ."

ಮಗಳು ಕಾಫಿ ಲೋಟ ಅವಳ ಕೈಗೆ ಕೊಡುತ್ತ ಹೇಳಿದಳು, "ಚಿಕ್ಕಮ್ಮ, ಇನ್ನೊಂದು ಕೈನೂ ಸುಟ್ಕೊಳ್ಳಲಾ? ಆಗ ವರದಕ್ಷಿಣೆ ಕೇಳದೂ ಮರೀಬಹುದು."

ಅಪ್ಪನೆಂಬ ಕಂಡಕ್ಟರು

ಪಿಯುಸಿ ಪಾಸಾಯಿತು. ನರಸಿಂಹರಾಜಪುರದಲ್ಲಿ ಡಿಗ್ರಿಗೆ ಸೀಟು, ಹಾಸ್ಟೆಲಿನಲ್ಲಿ ಜಾಗ. ಒಬ್ಬಳೇ ಬಸ್ಸಿನಲ್ಲಿ ಹೋಗಿಬರಬೇಕು. ಬಸ್ ಹತ್ತಿದ ಕೂಡಲೇ ಕಂಡಕ್ಟರಿಗೆ ನಾಚದೆ ವಿಷಯ ಹೇಳಬೇಕೆಂದು ಮಿಲ್ಲಿನ ಅಂಗಳದಲ್ಲಿ ಅಭ್ಯಾಸ ಮಾಡಿಸಿದೆವು. ನಮ್ಮ ಮನೆಯವರು ಹೆಗಲಿಗೆ ಚೀಲ ಹಾಕಿಕೊಂಡು ಕಂಡಕ್ಟರಾದರು.

"ಸಾರ್, ನಂಗೆ ಫಿಟ್ಸ್ ಬರ್ತದೆ," ಎಂದಳು ಮಗಳು. "ಬಂದ್ರೆ ಹೆದರಬೇಡಿ. ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಸ್ವಲ್ಪ ಹೊತ್ತಿಗೆ ಸರಿಯಾಗ್ತದೆ."

ಕಂಡಕ್ಟರು ಚೀಲಕ್ಕೆ ಕೈ ಹಾಕಿದರು. ಕಣ್ಣಲ್ಲಿ ನೀರು ಸುರಿಯತೊಡಗಿತು. ಇನ್ನೊಂದು ಸಲ ಮಾಡಿಸಿದೆವು, ಮತ್ತೂ ಅದೇ. ಮೂರನೇ ಸಲಕ್ಕೆ ಮಗಳು ಬೈದಳು, "ಯಾವ ಕಂಡಕ್ಟರೂ ಅಳಲ್ಲ ಅಪ್ಪ! ಸರಿಯಾಗಿ ಮಾಡು! ಮೊದ್ಲು ಚಿಲ್ಲರೆ ಇಲ್ಲ ಅಂತ ಬೈಯಿ!"

ಮೊದಲ ಪ್ರಯಾಣ

ಹಾಸ್ಟೆಲು ಸೇರಿದ ಮೇಲೆ ಮೊದಲ ರಜಕ್ಕೆ ಅಪ್ಪನ ಜೊತೆ ಬಂದು, ಕೊಪ್ಪದಲ್ಲಿ ಬಸ್ ಹತ್ತಿ ಒಬ್ಬಳೇ ವಾಪಸ್ಸು ಹೊರಟಳು. ಕಂಡಕ್ಟರಿಗೆ ಎಲ್ಲ ಹೇಳಿದಳು. ಅವನು, "ಆಯ್ತು ತಂಗಿ, ನಾನು ನೋಡ್ಕೊಳ್ತೀನಿ" ಎಂದು ಡ್ರೈವರಿನ ಹಿಂದಿನ ಸೀಟು ಕೊಟ್ಟ.

ಅರ್ಧ ದಾರಿಯಲ್ಲಿ ಬಂತು. ಬಸ್ಸು ನಿಲ್ಲಿಸಿದರು. ಕಂಡಕ್ಟರು ಮಗ್ಗುಲಾಗಿಯೇ ಮಲಗಿಸಿದ, ಪಾಪ. ಆದರೆ ಜನ ಬಿಡಬೇಕಲ್ಲ. ಹಿಂದಿನಿಂದ ಯಾರೋ, "ಕಬ್ಬಿಣ! ಕೈಗೆ ಕಬ್ಬಿಣ ಕೊಡಿ!" ಎಂದು ಕೂಗಿದರು. ಒಬ್ಬರು ಮನೆಯ ಬೀಗದ ಕೀ ಇಟ್ಟರು. ಇನ್ನೊಬ್ಬರು ಗೋಡೌನಿನದು. ಸ್ಕೂಟರಿನದು, ಬೀರುವಿನದು, ಟ್ರಂಕಿನದು. ಒಬ್ಬ ಮುದುಕರು ಹಿತ್ತಾಳೆಯ ಕೀ ತೆಗೆದರೆ, ಅದು ನಡೆಯಲ್ಲ ಎಂದು ಜನ ವಾಪಸ್ಸು ಕೊಟ್ಟರು. ಅವಳ ಕೈ ಅಷ್ಟನ್ನೂ ಬಿಗಿಯಾಗಿ ಹಿಡಿದುಕೊಂಡಿತು. ಅಷ್ಟರಲ್ಲಿ ಫಿಟ್ಸ್ ತಾನಾಗೇ ನಿಂತಿತು. ಎಲ್ಲರೂ ಕಬ್ಬಿಣವನ್ನು ಹೊಗಳಿದರು. ಅವಳು ಯಾವಾಗಿನ ಹಾಗೆ ಗಾಢ ನಿದ್ದೆಗೆ ಜಾರಿದಳು.

ಈಗ ಮುಷ್ಟಿ ಬಿಡಿಸುವವರು ಯಾರು? ಕಬ್ಬಿಣ ತೆಗೆದರೆ ಮತ್ತೆ ಬಂದರೆ? ಬಸ್ಸಿಗೆ ಬಸ್ಸೇ ಅವಳು ಏಳಲೆಂದು ಕಾದು ಕೂತಿತು.

ಅವಳು ಕಣ್ಣು ಬಿಟ್ಟಾಗ ಸುತ್ತ ಮುಖಗಳು. ತಲೆ ಸಿಡಿಯುತ್ತಿತ್ತು, ನಾಲಿಗೆ ಕಚ್ಚಿ ರಕ್ತ ಬಂದಿತ್ತು, ಬಟ್ಟೆ ಒದ್ದೆಯಾಗಿತ್ತು. ಇಷ್ಟು ಜನರ ಎದುರು ಹೀಗಾಯಿತಲ್ಲ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ತಮ್ಮ ಶಾಲು ತೆಗೆದು ಅವಳಿಗೆ ಸುತ್ತಿದರು. ಆಮೇಲೆ ಕೈ ನೋಡಿಕೊಂಡಳು.

"ಇದೆಲ್ಲ ಯಾರದ್ದು?"

ಎಲ್ಲರೂ ಒಟ್ಟಿಗೆ ಕೈ ಚಾಚಿದರು. ಒಂದೇ ಥರದ ಎರಡು ಕೀಗೆ ಇಬ್ಬರು ಜಗಳಕ್ಕೆ ನಿಂತರು. ಮಗಳು ಸೀಟು ಹಿಡಿದು ಎದ್ದು ನಿಂತು, "ಲೈನಲ್ಲಿ ಬನ್ನಿ! ಗುರುತು ಹೇಳಿ ತಗೊಳ್ಳಿ!" ಎಂದಳಂತೆ. ಬಂದರು, ತಗೊಂಡರು. ಕೊನೆಗೆ ಒಂದು ಉಳಿಯಿತು.

"ಇದು ಯಾರದ್ದು?"

ಎಲ್ಲರೂ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಆಮೇಲೆ ಡ್ರೈವರು ಸೀಟಿನಿಂದ ಅರ್ಧ ಎದ್ದು, ತಲೆ ಕೆರೆದುಕೊಳ್ಳುತ್ತ, "ಅದು ಬಸ್ಸಿಂದು ತಂಗಿ" ಎಂದ.

ಇದನ್ನೆಲ್ಲ ಅವಳು ನಮಗೆ ಹೇಳಿದ್ದು ನರಸಿಂಹರಾಜಪುರದಿಂದ, ಫೋನಿನಲ್ಲಿ. ನಾನು ಅಳುತ್ತಿದ್ದೆ. ನಮ್ಮ ಮನೆಯವರು ರಿಸೀವರಿಗೆ ಕಿವಿ ಹಚ್ಚಿ, "ಅಷ್ಟು ಲೇಟಾಗಿ ಹೋದ್ರೆ ವಾರ್ಡನ್ ಬೈಲಿಲ್ವಾ ಕೂಸೇ?" ಎಂದು ಕೇಳಿದರು.

"ಬೈದ್ರು ಅಪ್ಪ. 'ಯಾಕಿಷ್ಟು ಲೇಟು? ಬೇರೆಯವರೆಲ್ಲ ಆಗಲೇ ಬಂದಿಲ್ವಾ? ನಿನ್ನ ಬಸ್ಸಿಗೇನಾಗಿತ್ತು?' ಅಂತ."

"ನೀನೆಂತ ಅಂದೆ?"

"ಬಸ್ಸಿಗೆ ಏನೂ ಆಗಿರಲಿಲ್ಲ ಮೇಡಂ, ಕೀ ನನ್ನ ಕೈಲಿತ್ತು ಅಂದೆ."