ಕತ್ತರಿ ಕಾಣದ ಐದನೆಯ ಅಧ್ಯಾಯ

ಓದದ ಪುಸ್ತಕವನ್ನು ಹೊಗಳುವುದರಲ್ಲಿ ನನ್ನನ್ನು ಮೀರಿಸುವವರು ಸೋಲಾಪುರದಲ್ಲಿ ಇರಲಾರರು. ಓದಿದವರಿಗೆ ನೂರೆಂಟು ಅನುಮಾನ. ಇಲ್ಲಿ ಉದ್ದವಾಯಿತು, ಅಲ್ಲಿ ತಾಳ ತಪ್ಪಿತು ಎನ್ನುತ್ತಾರೆ. ನನ್ನ ಮೆಚ್ಚುಗೆಗೆ ಅಂಥ ಕಲೆಗಳಿಲ್ಲ. ಏಳನೆಯ ಇಯತ್ತೆಗೆ ಶಾಲೆಗೂ ನನಗೂ ಪರಸ್ಪರ ಬೇಸರವಾಗಿ ಬಿಟ್ಟೆವು. ಆಮೇಲೆ ನವಿ ಪೇಠದ ಬಟ್ಟೆ ಅಂಗಡಿ. ಕನ್ನಡ ನಾಲಿಗೆಯಲ್ಲಿ ಉಳಿಯಿತು, ಕಣ್ಣಿಗೆ ಮರಾಠಿ ಬೋರ್ಡು ರೂಢಿಯಾಯಿತು.

ಅಕ್ಕ ಹಾಗಲ್ಲ. ಅಕ್ಕಲಕೋಟದಲ್ಲಿ ಕನ್ನಡ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ‘ಕತಿ ಸಾಕು ತಮ್ಮಾ, ಖರೇ ಸಂಗತಿ ಓದು’ ಎಂದು ಹೊಸದಾಗಿ ಬಂದ ಪುಸ್ತಕಗಳನ್ನು ಎಸ್.ಟಿ. ಬಸ್ಸಿಗೆ ಬರುವವರ ಕೈಯಲ್ಲಿ ಕಳಿಸುತ್ತಾಳೆ. ಜೇನುಹುಳದ ಮೇಲೊಂದು, ಉಪ್ಪಿನ ಮೇಲೊಂದು, ಮೂತ್ರಪಿಂಡದ ಮೇಲೊಂದು. ನಾನು ಹಾಳೆಯನ್ನು ಎರಡು ಬೆರಳಲ್ಲಿ ಉಜ್ಜಿ, ಮಡಿಕೆ ನೋಡಿ, ದುಡ್ಡಿನ ಗಲ್ಲೆಯ ಪಕ್ಕ ಜೋಡಿಸುತ್ತೇನೆ. ಸಂಜೆ ಫೋನಿನಲ್ಲಿ ಮೂರೇ ಮಾತು: ‘ಭಾಳ ಚಂದ ಐತಿ. ಕಣ್ಣು ತೆರೀತು. ಎಲ್ಲಾರೂ ಓದಬೇಕು.’

ಸಾಲಾಗಿ ನಿಂತ ಪುಸ್ತಕ ನೋಡಿ ಗಿರಾಕಿಗಳು ನನ್ನನ್ನು ಓದುಗ ಎಂದುಕೊಂಡರು. ‘ಹೊಸಾದು ಓದೂ ಹಂತಾದು ಯಾವುದೈತ್ರಿ, ಸಾವಕಾರ್ರ?’ ಎಂದು ಕೇಳತೊಡಗಿದರು. ಹೇಳತೊಡಗಿದೆ. ಪಕ್ಕದ ಭಾಂಡೆ-ಪಾತ್ರೆ ಅಂಗಡಿಯವರಿಗೆ ಮೂತ್ರಪಿಂಡ ಕೊಟ್ಟೆ. ಓದಿದ ದಿನದಿಂದ ಅವರು ನನ್ನ ಅಂಗಡಿಯಲ್ಲಿ ಚಹಾ ಮುಟ್ಟಿಲ್ಲ. ಒಳ್ಳೆಯ ಪುಸ್ತಕವೇ ಇರಬೇಕು.

ಹೀಗೆ ಎಲ್ಲ ಸುಖವಾಗಿದ್ದಾಗ ಅಕ್ಕ ತಾನೇ ಒಂದು ಪುಸ್ತಕ ಬರೆದಳು. ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುವ ನಮ್ಮ ಕಡೆಯ ಹೆಂಗಸರ ಬಗ್ಗೆ. ಅಚ್ಚಿಗೆ ಕೊಡುವ ಮೊದಲು ಕಂಪ್ಯೂಟರ್ ಪ್ರತಿ ತಂದು ನನ್ನ ಕೈಗಿಟ್ಟಳು.

‘ಐದನೇ ಅಧ್ಯಾಯ ಅವ್ವಂದು. ಅದರಾಗ ನಿಂದೂ ಒಂದು ಮಾತೈತಿ. ಓದಿ ಹೇಳು. ಬ್ಯಾಡಂದ್ರ ತೆಗಿತೀನಿ.’

ಎರಡು ದಿನ ಬಿಟ್ಟು ಫೋನ್ ಮಾಡಿದೆ. ‘ಒಂದಕ್ಷರ ಬದಲ ಮಾಡಬ್ಯಾಡಕ್ಕಾ. ಕಣ್ಣಾಗ ನೀರು ಬಂತು.’ ಆ ಕಡೆಯಿಂದ ಅಕ್ಕ, ‘ನಿನ್ನ ಮನಸ್ಸು ಇಷ್ಟು ದೊಡ್ಡದೈತಿ ಅಂತ ಗೊತ್ತಿರಲಿಲ್ಲ’ ಎಂದಳು. ನನಗೂ ಗೊತ್ತಿರಲಿಲ್ಲ.

ಪುಸ್ತಕ ಅಚ್ಚಾಗಿ ಬಂತು. ಅಕ್ಕಲಕೋಟದಿಂದ ಬಂದ ಗಿರಾಕಿಯೊಬ್ಬರು ಸೀರೆ ನೋಡುವುದು ಬಿಟ್ಟು ನನ್ನ ಕೈ ಹಿಡಿದರು. ‘ತಮ್ಮ ತಪ್ಪು ಹಿಂಗ ಛಾಪಿಸಾಕ ಬಿಡೋದಂದ್ರ ಎದಿ ಬೇಕ್ರಿ!’

‘ಖರೇ ಅಂದ್ರ ಖರೇನ ಅಲ್ಲೇನ್ರಿ’ ಎಂದೆ ವಿನಯದಿಂದ. ಯಾವ ತಪ್ಪು ಎಂದು ಅವರನ್ನೇ ಕೇಳುವ ಹಾಗಿರಲಿಲ್ಲ.

ಅವರು ಹೋದದ್ದೇ ನನ್ನ ಪ್ರತಿ ತೆಗೆದೆ. ಐದನೆಯ ಅಧ್ಯಾಯದ ಹಾಳೆಗಳು ಮೇಲಿನ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ಪ್ರೆಸ್ಸಿನಲ್ಲಿ ಕತ್ತರಿಸುವುದು ತಪ್ಪಿತ್ತು. ದಿನವಿಡೀ ಬಟ್ಟೆಯ ಥಾನು ಕತ್ತರಿಸುವ ನನಗೆ ಆ ನಾಲ್ಕು ಹಾಳೆಗೆ ಕತ್ತರಿ ಹಿಡಿಯುವ ಧೈರ್ಯ ಬರಲಿಲ್ಲ. ನಾಳೆ ನೋಡೋಣ ಎಂದು ಮತ್ತೆ ಗಲ್ಲೆಯ ಪಕ್ಕ ನಿಲ್ಲಿಸಿದೆ.

ನಾಳೆ ಬರುವ ಮೊದಲು ಅಕ್ಕ ಬಂದಳು. ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುವ ಹೊತ್ತು. ಕೂತು ನೀರು ಕುಡಿದು, ಅಭಿಮಾನದಿಂದ ನನ್ನ ಪ್ರತಿಯನ್ನು ಕೈಗೆತ್ತಿಕೊಂಡು ಪುಟ ತಿರುವಿದಳು. ಐದನೆಯ ಅಧ್ಯಾಯಕ್ಕೆ ಬಂದು ಬೆರಳು ನಿಂತಿತು.

‘ಕಂಪ್ಯೂಟರ್ ಪ್ರತಿ ಎಲ್ಲೈತಿ?’

ಅದು ಹಳೆಯ ಬಿಲ್ ಬುಕ್ಕುಗಳ ಕೆಳಗೆ, ಆಕೆ ಕಟ್ಟಿಕೊಟ್ಟ ದಾರದ ಗಂಟು ಹಾಗೇ ಇಟ್ಟುಕೊಂಡು ಮಲಗಿತ್ತು. ಅಕ್ಕ ಗಂಟು ನೋಡಿದಳು, ನನ್ನ ಮುಖ ನೋಡಿದಳು. ಬೈಯಲಿಲ್ಲ. ಥಾನಿನ ಮೇಲಿದ್ದ ನನ್ನ ಕತ್ತರಿ ತೆಗೆದು ಹಾಳೆಗಳನ್ನು ನೀಟಾಗಿ ಬಿಡಿಸಿದಳು.

‘ಓದು. ಜೋರಾಗಿ.’

ಬೆರಳಿಟ್ಟು, ಅಕ್ಷರ ಕೂಡಿಸಿ, ಎರಡನೆಯ ಇಯತ್ತೆಯವನ ಹಾಗೆ ಓದಿದೆ. ಅವ್ವ ತನ್ನ ಕೊನೆಯ ಕೌದಿಯನ್ನು ಹಳೆಯ ಇಳಕಲ್ ಸೀರೆಯಿಂದ, ನಾನು ಸವೆಸದೇ ಬಿಟ್ಟ ಶಾಲೆಯ ಅಂಗಿಯಿಂದ ಹೊಲಿದಿದ್ದಳು. ಆಕೆ ತೀರಿದ ಮೇಲೆ ನಾನು ಅಕ್ಕಲಕೋಟದಿಂದ ಕಪಾಟು ತರುವಾಗ, ಬಣ್ಣ ಕಿತ್ತುಹೋದೀತೆಂದು ಅದಕ್ಕೆ ಆ ಕೌದಿ ಸುತ್ತಿದ್ದೆ. ಕಪಾಟು ಇಳಿಸಿಕೊಂಡೆ, ಕೌದಿ ಟೆಂಪೋದಲ್ಲೇ ಹೋಯಿತು. ಅಕ್ಕ ಕೇಳಿದಾಗ ‘ಇಲಿ ಕಡದಾವ’ ಎಂದಿದ್ದೆ. ಅದೇ ವಾರ ಬಸ್ ಸ್ಟ್ಯಾಂಡಿನ ಹತ್ತಿರ ಟೆಂಪೋದವನು ಅದರಿಂದ ಗಾಲಿಯ ಎಣ್ಣೆ ಒರೆಸುವುದನ್ನು ಅಕ್ಕ ಕಂಡಿದ್ದಳಂತೆ. ಇಷ್ಟು ವರ್ಷ ನನ್ನ ಇಲಿಗಳನ್ನು ನಂಬಿದಂತೆ ಇದ್ದಳು.

ರೂಢಿಯಿಂದ ಬಾಯಿ ತಾನೇ ತೆರೆಯಿತು. ‘ಭಾಳ ಚಂದ ಬರದೀಯಕ್ಕಾ.’

‘ಇನ್ನೂ ಮೂರು ಸಾಲು ಅದಾವು.’

ಓದಿದೆ. ‘ಅಚ್ಚಿಗೆ ಮೊದಲು ಇದನ್ನು ತಮ್ಮನಿಗೆ ತೋರಿಸಿದೆ. ಪೂರ್ತಿ ಓದಿ, ಒಂದಕ್ಷರ ಬದಲಿಸಬೇಡ ಎಂದ. ಆ ದಿನ ಕೌದಿಯ ಸಿಟ್ಟು ನನ್ನಿಂದ ಹೋಯಿತು.’

ಅಕ್ಕ ಕತ್ತರಿಯನ್ನು ಮೊದಲಿದ್ದಲ್ಲೇ ಇಟ್ಟಳು. ‘ಮತ್ತೊಮ್ಮೆ ಛಾಪಿಸ್ತಾರಂತ. ಈ ಮೂರು ಸಾಲು ಇಡ್ಲೋ, ತೆಗೀಲೋ? ಈಗರೆ ಓದೀಯಲ್ಲ, ಹೇಳು.’

ಬೆರಳಿಟ್ಟು ಆ ಮೂರು ಸಾಲನ್ನು ಮತ್ತೊಮ್ಮೆ ಓದಿದೆ. ‘ಎರಡು ದಿನ ಟೈಮ್ ಕೊಡಕ್ಕಾ’ ಎಂದೆ. ಪುಸ್ತಕವೊಂದರ ಬಗ್ಗೆ ಅಭಿಪ್ರಾಯ ಹೇಳಲು ನಾನು ಸಮಯ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಓದಿದವರ ತೊಂದರೆ ಏನೆಂದು ಆಗ ತಿಳಿಯಿತು.