ಮೂರು ಸಲ ಬೇಡ ಅನ್ನದ ಸೊಸೆ

ನಾನು ನೆಟ್ಟಗೆ ಒಂದು ಕೆಲಸಕ್ಕೆ ಹೊರಟಾಗಲೆಲ್ಲ ಬುದ್ಧಿ ಹೇಳುವವರು ಯಾರಾದರೊಬ್ಬರು ಎದುರಾಗುತ್ತಾರೆ. ಅವರ ಮಾತು ಕೇಳಿ ನಾನು ಊರ ಬಾಯಿಗೆ ಬೀಳುತ್ತೇನೆ. ಈ ಸಲವೂ ಹಾಗೇ ಆಯಿತು.

ರಾಮನಗರ, ಚನ್ನಪಟ್ಟಣದ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವುದನ್ನು ಕಲಿಸಿಕೊಂಡೇ ಸರ್ವೀಸು ಮುಗಿಸಿದವಳು ನಾನು. ಉಗಾಂಡದ ಒಂದು ಹಳ್ಳಿಯ ಹೆಂಗಸರಿಗೆ ಅದನ್ನೇ ಕಲಿಸಲು ಕೆಲವು ತಿಂಗಳು ಸ್ವಯಂಸೇವಕಿಯಾಗಿ ಹೋಗುತ್ತೀರಾ ಎಂದು ಒಂದು ಸಂಸ್ಥೆಯವರು ಕೇಳಿದರು. ಅಲ್ಲಿನವರ ಮನೆಯಲ್ಲೇ ಇದ್ದು, ಅವರು ಹಾಕಿದ್ದು ಉಣ್ಣಬೇಕು. ನನಗೋ ಆಸೆಯೋ ಆಸೆ. ಯಜಮಾನರು ಒಪ್ಪಿದರು. ಒಪ್ಪದವರು ನಮ್ಮತ್ತೆ.

"ದೂರ ಆದ್ರೆ ಆಗ್ಲಿ ಕಣವ್ವ, ಇಮಾನ ಐತೆ. ಆದ್ರೆ ಅದು ಎಂಥ ಮನೆಯೋ ಏನೋ! ಬಂದೋರ್ನ ಚೆಂದಾಗಿ ಕಂಡಾರಾ? ಅದು ಗೊತ್ತಾಗಗಂಟ ನಾ ಹೂಂ ಅನ್ನಾಕಿಲ್ಲ" ಅಂದರು. ಅವರು ಹೂಂ ಅನ್ನದೆ ನಮ್ಮ ಮನೆಯಲ್ಲಿ ಯಾರೂ ಮಾಗಡಿ ಕಡೆಯ ಅವರ ತವರು ಕುದೂರಿನ ಬಸ್ಸನ್ನೂ ಹತ್ತುವುದಿಲ್ಲ.

ಇದರ ನಡುವೆ ರಾಮನಗರದಲ್ಲಿ ಆ ಸಂಸ್ಥೆಯ ತರಬೇತಿ. ಬೆಂಗಳೂರಿನಿಂದ ಒಬ್ಬ ತರುಣ ಬಂದಿದ್ದ. ಕತ್ತಿನಲ್ಲಿ ಗುರುತಿನ ಬಿಲ್ಲೆ, ಮುಖದ ತುಂಬ ನಗು. ಹೊರದೇಶದವರ ಮನೆಯಲ್ಲಿ ಹೇಗಿರಬೇಕು ಎಂದು ಪಾಠ ಮಾಡಿ, "ಇದನ್ನೆಲ್ಲ ಮನೆಯಲ್ಲಿ ಅಭ್ಯಾಸ ಮಾಡ್ಕೊಳ್ಳಿ ಮೇಡಂ" ಅಂದ. ಮೇಷ್ಟ್ರು ಹೇಳಿದ್ದನ್ನು ಮಾಡದೆ ಬಿಡುವ ಜಾತಿಯಲ್ಲ ನಾನು. ನನ್ನ ಕರ್ಮ!

೧. ಇನ್ನೊಂದು ಹೋಳಿಗೆ

"ನಮ್ಮವರು ಊಟಕ್ಕೆ ಕೂತು ಬೇಡ ಬೇಡ ಅಂತ ನಾಟಕ ಮಾಡ್ತಾರೆ. ಅಲ್ಲಿ ಹಂಗಲ್ಲ ಮೇಡಂ. ಒಂದು ಸಲ ನೋ ಅಂದ್ರೆ ಪಾತ್ರೆ ಒಳಗೆ ಹೋಗುತ್ತೆ. ಮೊದಲನೇ ಸಲಕ್ಕೇ ಯೆಸ್ ಅನ್ನಿ." ಇದು ಅವನ ಮೊದಲ ಪಾಠ.

ಕನಕಪುರದಲ್ಲಿ ನಾದಿನಿಯ ಮನೆಗೆ ಊಟಕ್ಕೆ ಹೋಗಿದ್ದೆ. "ಅತ್ತಿಗೆ, ಇನ್ನೊಂದು ಹೋಳಿಗೆ?" ಅಂದಳು.

"ಹೂಂ, ಹಾಕು" ಅಂದೆ.

ಅವಳ ಕೈ ಅಲ್ಲೇ ನಿಂತಿತು. 'ನನ್ನಾಣೆ', 'ಸಣ್ಣದು ಕಣತ್ತಿಗೆ', 'ನೀವು ತಿನ್ನದಿದ್ರೆ ನಾನೂ ತಿನ್ನಾಕಿಲ್ಲ' ಎಂದು ಎಷ್ಟು ಮಾತು ಸಿದ್ಧ ಮಾಡಿಕೊಂಡು ಬಂದಿದ್ದಳೋ, ಎಲ್ಲ ಗಂಟಲಲ್ಲೇ ಉಳಿಯಿತು. "ತುಪ್ಪ?" ಅಂದಳು ಮೆಲ್ಲಗೆ. "ಹಾಕು" ಅಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಬಡಿಸಿದಳು.

ನಾನು ಚನ್ನಪಟ್ಟಣದ ನಮ್ಮ ಮನೆ ತಲುಪುವ ಮೊದಲೇ ಫೋನು ತಲುಪಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಾನು ನಿಂಗೆ ಹೊಟ್ಟೆಗಿಕ್ಕಾಕಿಲ್ವಾ? ಅತ್ತಿಗೆಗೆ ಮನೇಲಿ ಊಟ ಹಾಕೋರಿಲ್ವಾ ಅಂತ ನನ್ ಮಗಳು ಫೋನಲ್ಲಿ ಅಳ್ತಾವ್ಳೆ! ಮಾನ ಕಳೆದ್ಬುಟ್ಟೆಯಲ್ಲೇ!"

ಮಾರನೆಯ ದಿನ ಕನಕಪುರದ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಡಬ್ಬಿ ಹೋಳಿಗೆ ಬಂತು. ಅತ್ತಿಗೆಗೆ ಮಾತ್ರ ಎಂದು ಹೇಳಿ ಕಳಿಸಿದ್ದಳು.

೨. ಥ್ಯಾಂಕ್ಸ್

ಏನು ಮಾಡಿಕೊಟ್ಟರೂ ಥ್ಯಾಂಕ್ಸ್ ಹೇಳಬೇಕು ಎನ್ನುವುದು ಎರಡನೇ ಪಾಠ. ಅತ್ತೆ ತಟ್ಟೆಗೆ ಮುದ್ದೆ ಹಾಕಿದರು. "ಥ್ಯಾಂಕ್ಸ್ ಅತ್ತೆ" ಅಂದೆ.

"ಯಾಕವ್ವ, ನಾನೇನು ಓಟ್ಲು ಮಡಗಿವ್ನಾ?"

ಯಜಮಾನರು ಅಂಗಡಿಯಿಂದ ಸೊಪ್ಪು ತಂದರು. ಅವರಿಗೂ ಥ್ಯಾಂಕ್ಸ್ ಅಂದೆ. ಮುಖ ಬಿಳುಚಿಕೊಂಡು ಪಕ್ಕದಲ್ಲಿ ಕೂತು, "ನಾನೇನು ತಪ್ಪು ಮಾಡಿದೀನಿ, ನೇರವಾಗಿ ಹೇಳ್ಬಿಡು" ಅಂದರು.

೩. ಮುಚ್ಚಿದ ಬಾಗಿಲು

"ಅಲ್ಲಿ ನಿಮಗೇ ಒಂದು ಕೋಣೆ ಕೊಡ್ತಾರೆ. ಬಾಗಿಲು ಹಾಕ್ಕೊಂಡು ಒಬ್ಬರೇ ಇರೋದು ರೂಢಿಯಾಗ್ಲಿ" ಎಂದಿದ್ದ ಆ ತರುಣ. ಒಂದು ಮಧ್ಯಾಹ್ನ ಚಿಲಕ ಹಾಕಿಕೊಂಡು ಮಂಚದ ಮೇಲೆ ಕೂತೆ.

ಅತ್ತೆ ಬಾಗಿಲು ಬಡಿದರು. "ಹೊಟ್ಟೆ ನೋವಾ?"

"ಇಲ್ಲ."

"ಮತ್ಯಾಕೆ ಬಾಗ್ಲಾಕ್ಕಂಡಿದ್ದೀಯೆ?"

"ಸುಮ್ನೆ."

ಆ 'ಸುಮ್ನೆ' ಕೆಲಸ ಕೆಡಿಸಿತು. ಸುಮ್ಮಸುಮ್ಮನೆ ಬಾಗಿಲು ಹಾಕಿಕೊಳ್ಳುವ ಹೆಂಗಸು ನಮ್ಮ ಬೀದಿಯಲ್ಲಿ ಹುಟ್ಟಿಲ್ಲ. ಎದುರು ಮನೆಯಾಕೆ ಬಂದಳು, ಪಕ್ಕದ ಮನೆಯ ಮೇಷ್ಟ್ರು ಬಂದರು. ಜಗಲಿಯ ಮೇಲೆ ಮಲಗಿದ್ದ ಯಜಮಾನರನ್ನು ಎಬ್ಬಿಸಿ, "ಈ ವಯಸ್ಸಲ್ಲಿ ಏನ್ರೀ ನಿಮ್ಮ ಜಗಳ?" ಎಂದು ಮೇಷ್ಟ್ರು ತರಾಟೆಗೆ ತೆಗೆದುಕೊಂಡರು.

"ನಾನು ನಿದ್ದೆ ಮಾಡ್ತಿದ್ದೆ ಸ್ವಾಮಿ!"

"ಹೆಂಡ್ತಿ ಒಳಗೆ ಹಂಗೆ ಕೂತಿರುವಾಗ ನಿಮಗೆ ನಿದ್ದೆ ಬೇರೆ ಬರುತ್ತೋ?"

ಬಾಗಿಲು ತೆಗೆದೆ. ಎಲ್ಲರೂ ಒಳಗೆ ನುಗ್ಗಿ ನನಗೆ ಸಮಾಧಾನ ಹೇಳಲು ಮಂಚದ ಮೇಲೆ ಕೂತರು. ನನ್ನ ಸ್ವಂತ ಕೋಣೆಯಲ್ಲಿ ನನಗೇ ಜಾಗವಿಲ್ಲದೆ ನಿಂತೇ ಇದ್ದೆ.

ಸಿಟ್ಟು ನೆತ್ತಿಗೇರಿತು. ಆ ತರುಣನಿಗೆ ಫೋನು ಮಾಡಿ, "ನಿನ್ನ ಪಾಠದಿಂದ ನನ್ನ ಸಂಸಾರದ ಮರ್ಯಾದೆ ಹೋಗ್ತಿದೆ ಕಣಪ್ಪ" ಅಂದೆ. "ಸೂಪರ್ ಮೇಡಂ! ನೀವು ರೆಡಿ ಆಗ್ತಿದ್ದೀರಿ!" ಅಂದ. ಎದುರಿಗಿದ್ದಿದ್ದರೆ ಅವನ ಬಿಲ್ಲೆಯನ್ನು ಕಿತ್ತು ಒಲೆಗೆ ಹಾಕುತ್ತಿದ್ದೆ.

೪. ಆ ಮನೆಯ ಮುಖ

ಕೊನೆಗೆ ಉಗಾಂಡದ ಆ ಮನೆಯವರ ಜೊತೆ ವಿಡಿಯೋ ಕಾಲ್ ನಿಗದಿಯಾಯಿತು. ಅತ್ತೆ ಒಳ್ಳೆ ಸೀರೆ ಉಟ್ಟು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. "ಮಾತು ತಿಳೀದಿದ್ರೇನು, ಮಖ ನೋಡ್ತೀನಿ. ಸರಿ ಕಾಣ್ದಿದ್ರೆ ಇವತ್ತಿಗೇ ಮುಗೀತು" ಅಂದರು.

ಪರದೆಯಲ್ಲಿ ನನ್ನ ವಯಸ್ಸಿನ ಒಬ್ಬ ಗೃಹಿಣಿ, ಜೊತೆಗೆ ಇಂಗ್ಲಿಷ್ ಬಲ್ಲ ಮಗಳು. "ನೀವು ಬಂದ ದಿನ ಅಮ್ಮ ಬಾಳೆಕಾಯಿ ಬೇಯಿಸಿ, ಕಡಲೆಕಾಯಿ ಸಾರು ಮಾಡ್ತಾರಂತೆ. ಆಗಬಹುದಾ?" ಎಂದು ಮಗಳು ಕೇಳಿದಳು.

"ಯೆಸ್" ಅಂದೆ, ಪಾಠದ ಪ್ರಕಾರ.

"ಜೊತೆಗೆ ಹಲಸಿನ ಹಣ್ಣು?"

"ಯೆಸ್."

ಆ ತಾಯಿ ಬಾಯಿ ತೆರೆದದ್ದು ಹಾಗೇ ಇತ್ತು. ಮಗಳ ಕಿವಿಯಲ್ಲಿ ಏನೋ ಹೇಳಿದಳು. ಮಗಳು ನಾಚಿಕೊಂಡಳು. ಏನಂತೆ ಎಂದು ನಾನು ಬಿಡದೆ ಕೇಳಿದೆ.

"ಬೇಜಾರಾಗಬೇಡಿ. ನಮ್ಮ ಮನೆಗೆ ಬಂದವರು ಮೊದಲು ಬೇಡ ಅಂತಾರೆ, ಅಮ್ಮ ಒತ್ತಾಯ ಮಾಡ್ತಾರೆ. ನೀವು ಒಂದೇ ಸಲಕ್ಕೆ ಯೆಸ್ ಅಂದ್ರಲ್ಲ, ಪಾಪ, ಇವರಿಗೆ ಮನೇಲಿ ಊಟ ಹಾಕೋರಿಲ್ವಾ ಅಂತ ಕೇಳ್ತಿದ್ದಾರೆ."

ಇದನ್ನು ಕನ್ನಡದಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಆದರೆ ಹಿಂದೆ ನಿಂತಿದ್ದ ಯಜಮಾನರು ಒಂದು ಅಕ್ಷರ ಬಿಡದೆ ಅತ್ತೆಗೆ ಒಪ್ಪಿಸಿಬಿಟ್ಟರು. ಮುಗಿಯಿತು ನನ್ನ ಉಗಾಂಡ ಅಂದುಕೊಂಡೆ.

ಅತ್ತೆ ಪರದೆಯನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿದರು. "ಮನೆ ಅಂದ್ರೆ ಇದು ಕಣೆ! ನನ್ ಮಗಳು ಕೇಳಿದ್ನೇ ಕೇಳವ್ಳೆ. ಹೋಗ್ಬುಟ್ಟು ಬಾ."

ನನ್ನನ್ನು ಪಕ್ಕಕ್ಕೆ ಸರಿಸಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿ, ಅಚ್ಚ ಮಾಗಡಿ ಕನ್ನಡದಲ್ಲಿ ಉಗಾಂಡಕ್ಕೆ ಕೂಗಿ ಹೇಳಿದರು: "ನೋಡವ್ವ ತಾಯಿ, ನಾನು ಇವ್ಳಿಗೆ ಹೊಟ್ಟೆ ತುಂಬಾನೇ ಇಕ್ಕೀವ್ನಿ. ಯಾವನೋ ಬೆಂಗ್ಳೂರೋನು ಕೆಡಿಸ್ಬುಟ್ಟವ್ನೆ. ಅಲ್ಲಿಗೆ ಬಂದ್ಮ್ಯಾಲೆ ಮೂರು ಸಲ ಬ್ಯಾಡ ಅಂತಾಳೆ, ನಾ ಹೇಳ್ಕೊಟ್ಟು ಕಳಿಸ್ತೀನಿ. ನೀನು ಮಾತ್ರ ಬುಡ್ಬ್ಯಾಡ, ಇಕ್ಕು!"